ಸಂಸೆಯ ಸಮುದ್ರಕ್ಕೆ ಪಾಚಿ ಕಟ್ಟಿದ ವರ್ಷ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಹೇಳಿ ನನ್ನ ಮಾನ ತೆಗೆಯುವುದು ಬೇಡ. ಸಂಸೆಯ ಹತ್ತಿರದ ಕಾಫಿ ತೋಟದ ಮನೆಯೊಂದರಲ್ಲಿ ಐದಡಿ ಉದ್ದದ ಸಮುದ್ರವೊಂದು ಪಾಚಿ ಕಟ್ಟಿ ಬಸಳೆ ಸೊಪ್ಪಿನ ಹುಳಿಯಂತಾದದ್ದು ನನ್ನ ಬಾಯಿಯಿಂದ. ಕೈಯಿಂದಲ್ಲ, ಬಾಯಿಯಿಂದ. ಅದೂ ನನ್ನ ಸ್ವಂತ ದನಿಯಲ್ಲಲ್ಲ, ಕದ್ದ ದನಿಯಲ್ಲಿ. ಕದ್ದವರು ಪೊಲೀಸರ ಕೈಗೆ ಸಿಕ್ಕಿಬೀಳುತ್ತಾರೆ. ನಾನು ಕದ್ದ ಮಾಲಿನೊಳಗೇ ಸಿಕ್ಕಿಬಿದ್ದೆ.

ಕಳೆದ ವಾರ ಮಲ್ಪೆಯ ದಡದಲ್ಲಿದ್ದೆ. ನೀರು ಇಳಿದ ಹೊತ್ತು. ಬಂಡೆಗಳು ಮೈ ಬಿಟ್ಟುಕೊಂಡು ಬಿಸಿಲಿಗೆ ಕೂತಿದ್ದವು, ಅವುಗಳ ಮೇಲಿನ ಹಸಿರು ಒಣಗುತ್ತಿತ್ತು. ಉಪ್ಪು, ಮೀನು ಮತ್ತು ಒದ್ದೆ ಗೋಣಿಚೀಲ ಒಟ್ಟಿಗೆ ಮೂಗಿಗೆ ನುಗ್ಗಿದಂಥ ವಾಸನೆ. ಜೊತೆಯಲ್ಲಿದ್ದವರು ಎದೆಯುಬ್ಬಿಸಿ ಉಸಿರೆಳೆದುಕೊಂಡು "ಆಹಾ, ಸಮುದ್ರದ ಗಾಳಿ" ಎಂದರು. ನನ್ನ ಬಲಗೈ ಮಾತ್ರ ತಾನಾಗಿಯೇ ಟೂತ್‌ಬ್ರಷ್ ಹಿಡಿಯುವ ಭಂಗಿಗೆ ಹೋಯಿತು. ಆ ವಾಸನೆಯೊಳಗೆ ನಾನು ಒಂದು ಮಳೆಗಾಲದ ಬಾಲದಿಂದ ದೀಪಾವಳಿಯ ತನಕ ಸೆರೆಯಲ್ಲಿದ್ದೆ.

ಪೂರ್ಣೇಶಣ್ಣ ನನ್ನ ದೊಡ್ಡಮ್ಮನ ಮಗ. ದೊಡ್ಡಮ್ಮ ಮನೆಗೆ ಹಿರಿಯಕ್ಕ, ನನ್ನಮ್ಮ ಕೊನೆಯ ತಂಗಿ. ಹಾಗಾಗಿ ಅಣ್ಣ ಎಂದು ಕರೆಯುವ ಮನುಷ್ಯನಿಗೂ ನನಗೂ ಅಪ್ಪ ಮಗನಷ್ಟು ಅಂತರ. ನಾನು ಮೂಡಿಗೆರೆಯಲ್ಲಿ ಡಿಗ್ರಿ ಮುಗಿಸಿ ಹೊರಬಂದಾಗ ನನ್ನ ಕೈಯಲ್ಲಿದ್ದ ವಿದ್ಯೆ ಒಂದೇ, ಊರವರ ದನಿಗಳು. ಪ್ರಿನ್ಸಿಪಾಲರು, ಹೊರನಾಡು ಬಸ್ಸಿನ ಕಂಡಕ್ಟರು, ಮದುವೆ ಮಂಟಪದಲ್ಲಿ ಮೈಕು ಬಿಡದ ಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ದನಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಮನೆಯವರು ಕೂತು ಯೋಚಿಸಿ, "ಇವ್ನಿಗೆ ಬಾಯಿ ಒಂದಿದೆ, ಹೋಂಸ್ಟೇಗೆ ಆಗ್ತಾನೆ" ಎಂದು ಪೂರ್ಣೇಶಣ್ಣನ ತೋಟಕ್ಕೆ ಕಳಿಸಿದರು. ಕೆಲಸದ ಹೆಸರು ಮ್ಯಾನೇಜರ್. ಕೆಲಸ, ಬಂದವರ ಚೀಲ ಹೊರುವುದು, ಬಿಸಿನೀರು ಬರುತ್ತಿಲ್ಲ ಎಂದಾಗ ಈಗ ಬರುತ್ತದೆ ಎನ್ನುವುದು.

ಆ ಮನೆಯಲ್ಲಿ ಒಂದು ಪದ್ಧತಿ. ಯಾರೇ ಬರಲಿ, ಜೀಪಿನಿಂದ ಇಳಿದ ಕೂಡಲೇ ತಟ್ಟೆಯಲ್ಲಿ ಬೆಲ್ಲದ ಚೂರು, ಲೋಟದಲ್ಲಿ ನೀರು. ನೀರೆಂದರೆ ಅಬ್ಬಿ ನೀರು. ಕಾಫಿ ತೋಟದ ಮೇಲಿನ ಬ್ಲಾಕಿನ ಕೆಳಗೆ ಗುಡ್ಡದಿಂದ ಒಸರಿ ಗುಂಡಿಯೊಂದರಲ್ಲಿ ತುಂಬಿ, ಮೋಟರಿನ ಹಂಗಿಲ್ಲದೆ ಪೈಪಿನಲ್ಲಿ ತಾನಾಗಿ ಮನೆಗೆ ಇಳಿದು ಬರುವ ನೀರು. ಲೋಟ ಕೈಗೆ ಕೊಟ್ಟು ಪೂರ್ಣೇಶಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡುತ್ತಿದ್ದರು. "ಮೊದ್ಲು ಬೆಲ್ಲ ಬಾಯಿಗೆ ಹಾಕಿ, ಆಮೇಲೆ ಕುಡೀರಿ. ಇದು ಎಂಥ ನೀರು ಗೊತ್ತಾ? ಪೈಪಲ್ಲಿ ಬರ್ತದೆ, ಆದ್ರೆ ಪೈಪಿನ ನೀರಲ್ಲ. ಹಿಮಾಲಯದವ್ರು ಇದನ್ನ ಒಂದ್ಸಲ ಕುಡಿದ್ರೆ ಅಲ್ಲಿಂದ ಇಳ್ದು ಬಂದ್ಬಿಡ್ತಾರೆ. ತಿಳೀತಾ?" ಈ ಕೊನೆಯ 'ತಿಳೀತಾ' ಇದೆಯಲ್ಲ, ಅದನ್ನು ಅವರು ಮೂಗಿನಿಂದ ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು. ಅದನ್ನು ಹಿಡಿಯಲು ನನಗೆ ಒಂದು ವಾರ ಬೇಕಾಯಿತು. ಹಿಡಿದ ಮೇಲೆ ಅಡುಗೆಮನೆಯಲ್ಲಿ ದಿನಕ್ಕೊಮ್ಮೆ ಪ್ರದರ್ಶನ. ಪ್ರೇಕ್ಷಕರು ಇಬ್ಬರು: ಪೂರ್ಣೇಶಣ್ಣನ ಹೆಂಡತಿ ಶೈಲತ್ತಿಗೆ ಮತ್ತು ದೊಡ್ಡಮ್ಮ.

ಸಮುದ್ರದ ಯೋಚನೆ ಬಂದದ್ದು ಮಂಗಳೂರಿನ ಒಂದು ಮದುವೆಯಲ್ಲಿ. ಅಲ್ಲಿ ಹೋಟೆಲಿನ ಬಾಗಿಲಲ್ಲೇ ಉಪ್ಪುನೀರಿನ ದೊಡ್ಡ ಟ್ಯಾಂಕು, ಅದರಲ್ಲಿ ಹವಳ, ಬಣ್ಣಬಣ್ಣದ ಮೀನು. ಪೂರ್ಣೇಶಣ್ಣ ಊಟಕ್ಕೂ ಹೋಗದೆ ಅದರ ಮುಂದೆ ನಿಂತಿದ್ದರಂತೆ. ಮನೆಗೆ ಬಂದವರೇ ನನ್ನನ್ನು ಕರೆದರು.

"ಎಲ್ಲಾ ಹೋಂಸ್ಟೇಲೂ ಕ್ಯಾಂಪ್‌ಫೈರ್ ಅದೆ, ಜೀಪ್ ಅದೆ, ಅಕ್ಕಿ ರೊಟ್ಟಿ ಅದೆ. ಸಮುದ್ರ ಯಾರತ್ರ ಅದೆ ಹೇಳು ನೋಡಣ?"

"ಮಂಗಳೂರಿನವ್ರ ಹತ್ರ ಅದೆ ಅಣ್ಣ."

"ಅವ್ರತ್ರ ಬೆಟ್ಟ ಇಲ್ಲ ಮಾರಾಯ."

ಈ ವಾದಕ್ಕೆ ಉತ್ತರ ಕೊಡುವವನು ಇನ್ನೂ ಹುಟ್ಟಿಲ್ಲ. ಮೊಬೈಲಿನಲ್ಲಿ ವೀಡಿಯೋ ನೋಡಿ ಕಲಿಯಬಲ್ಲವನು ಮನೆಯಲ್ಲಿ ನಾನೊಬ್ಬನೇ ಆದ್ದರಿಂದ ಟ್ಯಾಂಕಿನ ಉಸ್ತುವಾರಿ ನನ್ನ ತಲೆಗೆ ಬಂತು.

ಟ್ಯಾಂಕು ಕೂರಿಸಲು ಒಪ್ಪಿಕೊಂಡವನು ಮಂಗಳೂರಿನ ಅಕ್ವೇರಿಯಂ ಅಂಗಡಿಯ ವಿಲ್ಫಿ. ಅಳತೆಗೆ ಬಂದಾಗಲೇ ಅವನು ಕಡ್ಡಿ ಮುರಿದಂತೆ ಹೇಳಿದ್ದ: "ಉಪ್ಪು ನಾನು ಕೊಡ್ತೇನೆ ಸಾರ್. ಆದ್ರೆ ಆ ಉಪ್ಪು ಕಲಸುವ ನೀರು ಫಿಲ್ಟರ್ ಮಶೀನಿನದ್ದೇ ಆಗ್ಬೇಕು. ಅದ್ರಲ್ಲಿ ಏನೂ ಇರ್ಬಾರ್ದು, ಬರೀ ನೀರು ಮಾತ್ರ. ಒಂದು ಬಕೆಟ್ ಒಳ್ಳೆ ನೀರಿಗೆ ಮೂರು ಬಕೆಟ್ ಹೊರಗೆ ಹೋಗ್ತದೆ, ಅದು ಬೇರೆ ವಿಷಯ." ತನ್ನ ಅಬ್ಬಿ ನೀರು ಮೂರು ಬಕೆಟ್ ಹೊರಗೆ ಹೋಗುವ ಮಾತು ಕೇಳಿ ಪೂರ್ಣೇಶಣ್ಣನ ಮುಖ ಸಣ್ಣಗಾಯಿತು. ಆದರೂ ತಲೆಯಾಡಿಸಿದರು.

ಈಗ ನನ್ನ ಸಾಧನೆಗೆ ಬರೋಣ. ಒಂದು ಮಧ್ಯಾಹ್ನ ಪೂರ್ಣೇಶಣ್ಣ ಕಳಸಕ್ಕೆ ಹೋಗಿದ್ದರು. ಶೈಲತ್ತಿಗೆ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದರು. ನಾನು ಎಂದಿನಂತೆ ಅಣ್ಣನಾಗಿ ಅವರಿಗೆ ಬೆಲ್ಲ ನೀರು ಕೊಟ್ಟು ಭಾಷಣ ಮಾಡಿದೆ. ಅತ್ತಿಗೆ ಕಣ್ಣೊರೆಸಿಕೊಂಡು, "ಇಲ್ಲಿ ಮಾಡಿದ್ರೆ ಎಂಥ ಬಂತು? ಆ ವಿಲ್ಫಿಗೆ ಫೋನ್ ಮಾಡು ನೋಡಣ. ಅವ್ನಿಗೂ ಗೊತ್ತಾಗ್ಲಿಲ್ಲ ಅಂದ್ರೆ ನೀನು ಕಲಾವಿದ ಅಂತ ನಾನು ಒಪ್ತೀನಿ" ಎಂದರು. ಕಲಾವಿದ ಎಂಬ ಮಾತಿಗೆ ನಾನು ಬಾವಿಗೂ ಹಾರುತ್ತಿದ್ದೆ. ಅಡುಗೆಮನೆಯ ಪಕ್ಕದ ಓಣಿಯಲ್ಲಿ ಲ್ಯಾಂಡ್‌ಲೈನ್ ಇತ್ತು.

"ವಿಲ್ಫಿ? ನಾನು ಪೂರ್ಣೇಶ. ಎಂಥ ಮಾರಾಯ, ಆ ಫಿಲ್ಟರ್ ಮಶೀನ್ ತರ್ಬೇಡ. ನಮ್ಮ ಅಬ್ಬಿ ನೀರನ್ನ ಸೋಸೋದಾ? ಸೋಸಿದ್ರೆ ಎಂಥ ಉಳೀತದೆ, ಇನ್ನೂ ಸ್ವಲ್ಪ ಅಬ್ಬಿ ನೀರೇ ಉಳೀತದೆ. ತಿಳೀತಾ?"

"ಸರಿ ಸಾರ್," ಎಂದ ವಿಲ್ಫಿ. "ನೀವು ಹೇಳಿದ ಮೇಲೆ ಮುಗೀತು. ನನಗೂ ಘಾಟಿ ಹತ್ತುವಾಗ ಒಂದು ಸಾಮಾನು ಕಮ್ಮಿ." ಫೋನ್ ಇಟ್ಟುಬಿಟ್ಟ.

ಅತ್ತಿಗೆ ಎಲೆಗಳ ಮೇಲೆ ಬಿದ್ದು ನಗುತ್ತಿದ್ದರು. ತಿರುಗಿ ಫೋನ್ ಮಾಡಿ ತಮಾಷೆ ಎಂದು ಹೇಳಬೇಕೆಂದಿದ್ದೆ, ದೇವರಾಣೆಗೂ. ಅಷ್ಟರಲ್ಲಿ ಅಂಗಳಕ್ಕೆ ಅತಿಥಿಗಳ ಜೀಪು ಬಂತು, ಚೀಲ ಹೊರಲು ಓಡಿದೆ. ಆಮೇಲೆ ಮರೆತೇಹೋಯಿತು. ನೆನಪಾದದ್ದು ಕಾರ್ಕಳ, ಕುದುರೆಮುಖ ದಾಟಿ ಬಂದ ಪಿಕಪ್ಪು ಅಂಗಳದಲ್ಲಿ ನಿಂತು, ಗಾಜು, ಮರಳು, ಬಂಡೆ, ಉಪ್ಪಿನ ಬಕೆಟ್ಟುಗಳೆಲ್ಲ ಇಳಿದು, ಪೂರ್ಣೇಶಣ್ಣ ಸುತ್ತ ನೋಡಿ "ಮಶೀನ್ ಎಲ್ಲಿ?" ಎಂದಾಗ.

"ನೀವೇ ಬೇಡ ಅಂದ್ರಲ್ಲ ಸಾರ್," ಎಂದ ವಿಲ್ಫಿ. "ಫೋನ್ ಮಾಡಿ ಹೇಳಿದ್ದು ಮರ್ತ್ರಾ? ಸೋಸಿದ್ರೆ ಇನ್ನೂ ಸ್ವಲ್ಪ ಅಬ್ಬಿ ನೀರೇ ಉಳೀತದೆ ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತಿಗೆಯ ಕಣ್ಣು ನನ್ನ ಮೇಲೆ. ನನ್ನ ಕಣ್ಣು ನೆಲದ ಮೇಲೆ. ಪೂರ್ಣೇಶಣ್ಣ ಆ ಮಾತನ್ನು ಬಾಯೊಳಗೆ ತಿರುಗಿಸಿ ತಿರುಗಿಸಿ ರುಚಿ ನೋಡುತ್ತಿದ್ದಂತೆ ಕಂಡಿತು. ನಾನು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವರ ಬಾಯಿ ನನಗಿಂತ ಮೊದಲು ತೆರೆಯಿತು.

"ಹಾಂ, ಹೌದಲ್ಲ. ಅಂದಿದ್ದೆ ಅಂದಿದ್ದೆ. ಸರಿಯಾಗೇ ಅಂದಿದೀನಿ."

ಮಾತು ಅಷ್ಟು ಚೆನ್ನಾಗಿ ಅವರಿಗೆ ಒಪ್ಪುತ್ತಿತ್ತು, ಅದನ್ನು ತನ್ನದಲ್ಲವೆಂದು ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಅತ್ತಿಗೆ ನನ್ನನ್ನು ಓಣಿಗೆ ಎಳೆದುಕೊಂಡು ಹೋಗಿ, "ನನ್ನ ಹೆಸ್ರು ಎತ್ತಿದ್ರೆ ಈ ಮನೇಲಿ ನಿಂಗೆ ಊಟ ಇಲ್ಲ ನೋಡು" ಎಂದರು. ಅಲ್ಲಿಗೆ ಬಾಗಿಲು ಮುಚ್ಚಿತು. ಅಬ್ಬಿ ನೀರಿಗೆ ಉಪ್ಪು ಕಲಸಿದೆವು. ಮುಂದಿನ ಹಾಲ್‌ನ ಮೂಲೆಯಲ್ಲಿ ಸಮುದ್ರ ನಿಂತಿತು.

ಮೊದಲ ವಾರಗಳಲ್ಲಿ ಅದರಲ್ಲಿ ಮೀನಿರಲಿಲ್ಲ. ನೀರು ಹದವಾಗಬೇಕು ಎಂದು ವಿಲ್ಫಿ ಹೇಳಿದ್ದ. ಬಂದ ಅತಿಥಿಗಳು ಖಾಲಿ ಮರಳನ್ನೂ ಬಂಡೆಯನ್ನೂ ನೋಡಿ ಸುಮ್ಮನೆ ಹೋಗುತ್ತಿದ್ದರು. ಪೂರ್ಣೇಶಣ್ಣ ಮಾತ್ರ "ಸಮುದ್ರ ಹೆಪ್ಪಾಗ್ತಾ ಅದೆ" ಎಂದು ಮೊಸರಿನ ಲೆಕ್ಕದಲ್ಲಿ ವಿವರಿಸುತ್ತಿದ್ದರು. ಆಮೇಲೆ ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಂದು ಜೋಡಿ ಮೀನು ಬಂತು. ಟ್ಯಾಂಕಿನಲ್ಲೇ ಬೆಳೆಸಿದ ಹವಳದ ತುಂಡುಗಳು ಬಂದವು, ಅಂಗಿಯ ಗುಂಡಿ ಅರಳಿ ಹೂವಾದಂತೆ. ಗಾಜು ನೆಕ್ಕಲು ಕೆಲವು ಬಸವನಹುಳುಗಳು ಬಂದವು. ಒಂದಿಷ್ಟು ದಿನ ಪೂರ್ಣೇಶಣ್ಣ ಗೆದ್ದರು. ಹೊರನಾಡಿಗೆ ಬಂದ ಯಾತ್ರಿಕರು ಕೂಡ ದಾರಿ ತಪ್ಪಿಸಿಕೊಂಡು ಬಂದು ಫೋಟೋ ತೆಗೆದುಕೊಂಡರು.

ಅದೇ ಹೊತ್ತಿಗೆ ಮಳೆ ಹಿಂದೆ ಸರಿಯಿತು, ತೋಟಗಳಲ್ಲಿ ಗೊಬ್ಬರ ಹಾಕುವ ಕೆಲಸ ಶುರುವಾಯಿತು. ನಮ್ಮಲ್ಲೂ ಮೇಲಿನ ಬ್ಲಾಕಿಗೆ ಮೂಟೆಗಳು ಹೋದವು. ಮೂಟೆ ಹೊತ್ತ ಜೀಪಿನಲ್ಲಿ ನಾನೂ ಹೋಗಿದ್ದೆ. ಗೊಬ್ಬರ ಹಾಕಿದ ಮೇಲೆ ಒಂದು ಅಕಾಲದ ಮಳೆ ಬಡಿಯಿತು. ಅದರ ಬಗ್ಗೆ ಬೇಸರಪಟ್ಟವರು ಪೂರ್ಣೇಶಣ್ಣ ಒಬ್ಬರೇ, ಗೊಬ್ಬರ ಕೊಚ್ಚಿಹೋಯಿತೆಂದು. ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಮೊದಲು ಮರಳಿನ ಮೇಲೆ ಕಂದು ಧೂಳು ಕೂತಂತೆ ಕಂಡಿತು. ವಿಲ್ಫಿಗೆ ಫೋನ್ ಮಾಡಿದೆ, ಈ ಸಲ ನನ್ನ ದನಿಯಲ್ಲೇ. "ಹೊಸ ಟ್ಯಾಂಕ್ ಅಲ್ವಾ, ಆಗ್ತದೆ," ಎಂದ. "ಮಕ್ಕಳಿಗೆ ಹಲ್ಲು ಬರುವಾಗ ಹೊಟ್ಟೆ ಕೆಡ್ತದಲ್ಲ, ಹಾಗೆ." ಇದನ್ನು ದೊಡ್ಡಮ್ಮನಿಗೆ ಹೇಳಿದರೆ ಅವರು ಗಾಜಿನ ಹತ್ತಿರ ಕನ್ನಡಕ ತಂದು, "ಹಲ್ಲು ಯಾವಾಗ ಬರ್ತದಂತೆ, ಅದನ್ನೂ ಕೇಳಿಕೋ" ಎಂದರು. ಹಲ್ಲು ಬರಲಿಲ್ಲ, ಕೂದಲು ಬಂತು. ಕಂದು ಹೋಗಿ ಹಸಿರಾಯಿತು, ಹಸಿರು ಉದ್ದವಾಯಿತು, ಬಂಡೆಗಳಿಗೆಲ್ಲ ಜಡೆ ಬೆಳೆದು ನೀರಿನ ಓಟಕ್ಕೆ ಅತ್ತಿತ್ತ ಹಾರಾಡತೊಡಗಿತು. ಅರಳಿದ್ದ ಹವಳದ ಗುಂಡಿಗಳು ಅದರೊಳಗೆ ಉಸಿರುಗಟ್ಟಿ ಮುದುಡಿಕೊಂಡವು. ಅತಿಥಿಯೊಬ್ಬರ ಪುಟ್ಟ ಮಗಳು ಗಾಜಿಗೆ ಮೂಗು ಒತ್ತಿ, "ಅಂಕಲ್, ಒಳಗೆ ಯಾರಿದಾರೆ?" ಎಂದು ಕೇಳಿದಳು. 'ನಾನು' ಎನ್ನಬೇಕೆನಿಸಿತು.

ಏಕೆಂದರೆ ಅಷ್ಟರಲ್ಲಿ ಶಿವಮೊಗ್ಗದಿಂದ ಕರೆ ಬಂದಿತ್ತು. ಅಲ್ಲೊಂದು ಹಾಸ್ಯ ತಂಡ. ಊರೂರು ತಿರುಗಿ ಕಾರ್ಯಕ್ರಮ ಕೊಡುವವರು. ನಾನು ಕಳಿಸಿದ್ದ ವೀಡಿಯೋ ನೋಡಿ ತಂಡದ ಯಜಮಾನರು, "ದೀಪಾವಳಿಗೆ ನಮ್ಮ ಸೀಸನ್ ಶುರು. ಹಬ್ಬದ ಹೊತ್ತಿಗೆ ಬಂದ್ರೆ ಜಾಗ ಇದೆ. ಬರ್ಲಿಲ್ಲ ಅಂದ್ರೆ ಭದ್ರಾವತಿ ಹುಡ್ಗ ಒಬ್ಬ ಕಾಯ್ತಿದಾನೆ" ಎಂದಿದ್ದರು. ಹುಟ್ಟಿದಾಗಿನಿಂದ ಯಾರಾದರೂ ನನ್ನನ್ನು ಬಾಯಿಗಾಗಿ ಬೈಯದೆ ಬಾಯಿಗಾಗಿ ಕರೆದದ್ದು ಅದೇ ಮೊದಲು. ಓಡಿ ಹೋಗಿ ಪೂರ್ಣೇಶಣ್ಣನಿಗೆ ಹೇಳಿದೆ.

ಅವರು ಟ್ಯಾಂಕಿನ ಕಡೆ ಕೈ ತೋರಿಸಿದರು. "ಹೋಗು, ಬೇಡ ಅಂದೋರ್ಯಾರು? ಇದನ್ನ ಮೊದ್ಲಿನ ಹಂಗೆ ಮಾಡಿಟ್ಟು ಹೋಗು. ಕೈಗೆ ತಗೊಂಡ ಕೆಲ್ಸ ಅರ್ಧಕ್ಕೆ ಬಿಟ್ಟು ಹೋದೋರು ನಮ್ಮಲ್ಲಿ ಯಾರೂ ಇಲ್ಲ. ತಿಳೀತಾ?"

ಬಸ್ಸು ಹತ್ತಿ ಓಡಿಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಓಡಿ ಎಲ್ಲಿಗೆ ಹೋಗುವುದು? ನಾನು ಕಳಸ ತಲುಪುವ ಮೊದಲು ಸುದ್ದಿ ಅಮ್ಮನನ್ನು ತಲುಪಿರುತ್ತಿತ್ತು. ಮುಂದಿನ ಹತ್ತು ಮದುವೆಗಳಲ್ಲಿ ಅಮ್ಮ ಅಕ್ಕನ ಎದುರು ತಲೆತಗ್ಗಿಸಿ ಊಟ ಮಾಡಬೇಕಾಗುತ್ತಿತ್ತು. ಹಾಗಾಗಿ ತೋಳು ಮಡಿಚಿ ಟ್ಯಾಂಕಿಗೆ ಇಳಿದೆ.

ಬೆಳಗಾದರೆ ಟೂತ್‌ಬ್ರಷ್. ಮೊದಲು ನನ್ನ ಹಲ್ಲು, ಆಮೇಲೆ ಬಂಡೆಗಳ ಹಲ್ಲು. ಬ್ರಷ್ ಬೇರೆ ಬೇರೆ, ಎರಡು ಸಲ ಅದಲುಬದಲೂ ಆಗಿದೆ. ಬಂಡೆ ಒಂದೊಂದಾಗಿ ತೆಗೆದು ಉಜ್ಜುವುದು, ಕೊಳೆ ನೀರನ್ನು ಪೈಪಿನಲ್ಲಿ ಎಳೆದು ಹೊರಗೆ ಬಿಡುವುದು, ಹೊಸ ನೀರಿಗೆ ಉಪ್ಪು ಕಲಸಿ ತುಂಬುವುದು. ಬೆರಳ ತುದಿಗಳು ಮುದಿ ಬೀನ್ಸಿನಂತೆ ಸುಕ್ಕಾದವು, ಉಗುರಿನ ಸಂದಿಯ ಗಾಯಕ್ಕೆ ಉಪ್ಪು ಕಚ್ಚುತ್ತಿತ್ತು. ಹೊರಗೆ ಬಿಸಿಲು ಬಿದ್ದಿತ್ತು, ಸಂಸೆಯ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುತ್ತಿತ್ತು, ನಾನು ಹಾಲಿನ ಮೂಲೆಯಲ್ಲಿ ಮೊಣಕೈ ತನಕ ಮುಳುಗಿ ನಿಂತಿರುತ್ತಿದ್ದೆ. ಗಂಡು ಮೀನು ತನ್ನ ಜಾಗಕ್ಕೆ ಬಂದೆನೆಂದು ಬಂದು ಬಂದು ನನ್ನ ಕೈ ಕಚ್ಚುತ್ತಿತ್ತು. "ಬೇಕಾದ್ರೆ ಬಾ, ಜಾಗ ಬದಲಾಯಿಸೋಣ" ಎಂದು ಅದಕ್ಕೆ ಹೇಳಿದ್ದೇನೆ.

ಬೆಳಕು ಕಡಿಮೆ ಮಾಡಿದರೆ ಪಾಚಿ ಸಾಯುತ್ತದೆ ಎಂದು ವೀಡಿಯೋದಲ್ಲಿ ಕಂಡು ಟ್ಯಾಂಕಿಗೆ ಕಂಬಳಿ ಹೊದಿಸಿದೆ. ದೊಡ್ಡಮ್ಮ ಬಂದು ನೋಡಿ, "ಜ್ವರ ಎಷ್ಟಿದೆ?" ಎಂದರು. ಅಷ್ಟಕ್ಕೇ ಬಿಡದೆ, ನಾನು ಆಚೆ ಹೋದಾಗ ಕಂಬಳಿ ಸರಿಸಿ ರೊಟ್ಟಿ ಚೂರು ಹಾಕುತ್ತಿದ್ದರು. "ಕತ್ತಲೇಲಿ ಉಪವಾಸ ಕೆಡವಿದೀಯಲ್ಲೋ, ಪಾಪ" ಎಂದು ನನಗೇ ಬೈಗುಳ. ಕಂಬಳಿ ತೆಗೆದ ದಿನ ಪಾಚಿ ಸ್ವಲ್ಪ ಬಿಳಿಚಿಕೊಂಡಿತ್ತು. ಮತ್ತೆ ನೀರು ಬದಲಿಸಿದೆ. ವಾರ ಕಳೆಯುವುದರೊಳಗೆ ಮೊದಲಿಗಿಂತ ದಟ್ಟವಾಗಿ ಬಂತು, ಬಾಣಂತನ ಮುಗಿಸಿ ಬಂದವಳಂತೆ ಮೈತುಂಬಿಕೊಂಡು.

ವಿಲ್ಫಿಗೆ ಸಂಶಯ ಬಂತು. ನೀರು ಪರೀಕ್ಷಿಸುವ ಸೀಸೆಗಳನ್ನು ಬಸ್ಸಿನಲ್ಲಿ ಕಳಿಸಿದ. ನೀರಿಗೆ ಹನಿ ಹಾಕಿ ಅಲ್ಲಾಡಿಸಬೇಕು. ಗೊಬ್ಬರದ ಅಂಶ ಇದ್ದರೆ ನೀಲಿಯಾಗುತ್ತದೆ. ಟ್ಯಾಂಕಿನ ನೀರು ನೀಲಿಯಾಯಿತು. ಅದು ಸಹಜ. ಆಮೇಲೆ ಸುಮ್ಮನೆ, ಕೈ ತೊಳೆಯಲು ಹೋದವನು ಅಡುಗೆಮನೆಯ ನಲ್ಲಿಯಿಂದ ಸೀಸೆ ತುಂಬಿ ಹನಿ ಹಾಕಿದೆ. ಅದು ಇನ್ನೂ ನೀಲಿಯಾಯಿತು. ಹೋಗಿ ಅಬ್ಬಿಯ ಗುಂಡಿ ನೋಡಿ ಬಂದೆ. ಮೇಲಿನ ಬ್ಲಾಕಿನಿಂದ ಮಳೆ ತೋಡಿದ ಕೊರಕಲು ನೇರ ಗುಂಡಿಯ ಬಾಯಿಗೇ ಇಳಿದಿತ್ತು. ಪೂರ್ಣೇಶಣ್ಣ ಕಾಫಿಗೆಂದು ಹಾಕಿದ ಗೊಬ್ಬರ ಪೈಪಿನಲ್ಲಿ ಇಳಿದು ಬಂದು ನನ್ನ ಕೈಯಿಂದ ಟ್ಯಾಂಕಿಗೆ ಸೇರುತ್ತಿತ್ತು. ಬಲಗೈಯಲ್ಲಿ ಪಾಚಿ ಉಜ್ಜುತ್ತಿದ್ದೆ, ಎಡಗೈಯಲ್ಲಿ ಅದಕ್ಕೆ ಊಟ ಬಡಿಸುತ್ತಿದ್ದೆ.

ಅತ್ತಿಗೆಗೆ ಸೀಸೆ ತೋರಿಸಿದೆ.

"ಹೋಗಿ ಹೇಳು ಮತ್ತೆ," ಎಂದರು.

"ಎಂಥ ಹೇಳೋದು? ಮಶೀನ್ ಬೇಕು ಅಂತ್ಲಾ? ಬೇಡ ಅಂದಿದ್ದು ಯಾರು ಅಂತ ಮಾತು ಬಂದ್ರೆ?"

ಅತ್ತಿಗೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಚಂದ ಬಣ್ಣ ಬಂದದೆ," ಎಂದು ವಾಪಸು ಕೊಟ್ಟರು. ಊಟದ ಬೆದರಿಕೆಯನ್ನು ಮತ್ತೆ ಹೇಳಬೇಕಾಗಿರಲಿಲ್ಲ.

ಆದರೂ ಊಟಕ್ಕೆ ಕೂತಾಗ ಪ್ರಯತ್ನಪಟ್ಟೆ. "ಅಣ್ಣ, ನೀರಲ್ಲೇ ಏನೋ ಇದ್ದಂಗಿದೆ" ಎಂದೆ. ಪೂರ್ಣೇಶಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಇದೇ ನೀರು ಕುಡ್ದು ನಮ್ಮಮ್ಮ ಈ ವಯಸ್ಸಲ್ಲೂ ಮಹಡಿ ಮೆಟ್ಲು ಹತ್ತುತ್ತಾರೆ. ನಿನ್ನ ಬಸವನಹುಳಕ್ಕೆ ಆಗಲ್ವಾ?"

"ಹತ್ತುತ್ತೀನಿ ಹೌದು," ಎಂದರು ದೊಡ್ಡಮ್ಮ. "ಇಳ್ಸೋಕೆ ಇವ್ನೇ ಬರ್ಬೇಕು."

ಎಲ್ಲರೂ ನಕ್ಕರು. ಮನುಷ್ಯರು ತಡೆದುಕೊಳ್ಳುವುದನ್ನು ಹವಳ ತಡೆದುಕೊಳ್ಳುವುದಿಲ್ಲ ಎಂಬ ನನ್ನ ಮಾತು ಆ ನಗುವಿನಲ್ಲಿ ಮುಳುಗಿತು. ನಾನೂ ನಕ್ಕೆ. ನಗಿಸುವವನ ಕಷ್ಟವೇ ಇದು. ನಿಜ ಹೇಳಿದರೂ ಇನ್ನೊಂದು ಐಟಮ್ ಎಂದುಕೊಳ್ಳುತ್ತಾರೆ.

ಹಬ್ಬ ಹತ್ತಿರ ಬಂತು. ಶಿವಮೊಗ್ಗದವರು ಎರಡು ಸಲ ಫೋನ್ ಮಾಡಿದರು. ಒಂದು ಬೆಳಿಗ್ಗೆ ಬ್ರಷ್ ಹಿಡಿದುಕೊಂಡು ಹಾಲಿಗೆ ಬಂದರೆ ಪೂರ್ಣೇಶಣ್ಣ ಟ್ಯಾಂಕಿನ ಮುಂದೆ ನಿಂತಿದ್ದಾರೆ. ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಬಕೆಟ್ಟಿನೊಳಗೆ ಆಕಾಶ ಕರಗಿಸಿದಂಥ ನೀಲಿ ನೀರು.

"ಮೈಲುತುತ್ತ," ಎಂದರು. "ಕೊಳೆರೋಗಕ್ಕೆ ಹೊಡ್ದಿದ್ದು ಸ್ಟೋರಲ್ಲಿ ಉಳ್ದಿತ್ತು. ಇದಕ್ಕೆ ಸುಣ್ಣ ಸೇರ್ಸಿ ಬೋರ್ಡೋ ಹೊಡ್ದ ಗಿಡದ ಮೇಲೆ ಪಾಚಿ ನೋಡಿದೀಯಾ? ನನ್ನ ತಲೆಗೆ ಇಷ್ಟು ದಿನ ಹೊಳೀಲೇ ಇಲ್ಲ ಮಾರಾಯ."

ಮೈಲುತುತ್ತವೆಂದರೆ ತಾಮ್ರ. ಹವಳವಿರುವ ಟ್ಯಾಂಕಿನ ಹತ್ತಿರ ತಾಮ್ರದ ಲೋಟವನ್ನೂ ತರಬೇಡಿ ಎಂದು ವಿಲ್ಫಿ ಹೇಳಿದ್ದ. ನಾನು ಬಕೆಟ್ಟಿಗೂ ಟ್ಯಾಂಕಿಗೂ ನಡುವೆ ಹೋಗಿ ನಿಂತೆ. "ಅಣ್ಣ, ಎಲ್ಲಾ ಸಾಯ್ತವೆ."

"ಕಾಫಿ ಗಿಡ ಸಾಯ್ತದಾ?"

"ಕಾಫಿ ಗಿಡ ಬಸವನಹುಳ ಅಲ್ಲ ಅಣ್ಣ. ಒಂದ್ಸಲ ಬೇರೆ ಬಕೆಟಲ್ಲಿ ನೋಡೋಣ."

ಅವರು ರೈತರು, ಪ್ರಯೋಗ ಎಂದರೆ ಒಪ್ಪುತ್ತಾರೆ. ಟ್ಯಾಂಕಿನ ನೀರು ಬೇರೆ ಬಕೆಟ್ಟಿಗೆ ತೆಗೆದು, ಎರಡು ಬಸವನಹುಳು ಬಿಟ್ಟು, ಮೈಲುತುತ್ತದ ನೀರು ಒಂದು ಚಮಚ ಹಾಕಿದೆವು. ಸಂಜೆಯ ಕಾಫಿಯ ಹೊತ್ತಿಗೆ ಎರಡೂ ಬಕೆಟ್ಟಿನ ತಳದಲ್ಲಿ ಬಾಯಿ ಮೇಲಾಗಿ ಬಿದ್ದಿದ್ದವು. ನಾನು ಒಂದನ್ನು ಅಂಗೈ ಮೇಲಿಟ್ಟು ತೋರಿಸಿದೆ.

ಪೂರ್ಣೇಶಣ್ಣ ಅದನ್ನು ತಿರುಗಿಸಿ ನೋಡಿದರು. "ಡೋಸ್ ಜಾಸ್ತಿ ಆಯ್ತು. ಸೋಮವಾರ ಅರ್ಧ ಹಾಕೋಣ. ಅಷ್ಟಕ್ಕೂ ಸತ್ರೆ ಸಾಯ್ಲಿ ಬಿಡು, ನೀರು ಚೆಲ್ಲಿ ಮೊದ್ಲಿಂದ ಶುರು ಮಾಡೋಣ. ಹೆಂಗೂ ನೀನಿದೀಯಲ್ಲ."

ಹೆಂಗೂ ನೀನಿದೀಯಲ್ಲ. ಈ ಎರಡು ಪದ ಕೇಳಿ ಬೆನ್ನಿನಲ್ಲಿ ಅಬ್ಬಿ ನೀರು ಇಳಿದಂತಾಯಿತು. ಮೊದಲಿಂದ ಎಂದರೆ ಮತ್ತೆ ಖಾಲಿ ಮರಳು, ಮತ್ತೆ ಕಂದು ಧೂಳು, ಮತ್ತೆ ಜಡೆ. ಭದ್ರಾವತಿಯ ಹುಡುಗ ವೇದಿಕೆ ಮೇಲೆ ಚಪ್ಪಾಳೆ ತೆಗೆದುಕೊಳ್ಳುವಾಗ ನಾನು ಇಲ್ಲಿ ಬಂಡೆಗಳ ಹಲ್ಲು ಉಜ್ಜುತ್ತಿರುತ್ತೇನೆ, ಹೀಗೇ ಮುದುಕನಾಗುತ್ತೇನೆ, ಮೀನಿನ ಮೊಮ್ಮಕ್ಕಳು ಬಂದು ನನ್ನ ಕೈ ಕಚ್ಚುತ್ತವೆ.

ಮಾರನೆಯ ದಿನ ಭಾನುವಾರ. ಪೂರ್ಣೇಶಣ್ಣ ಊಟ ಮುಗಿಸಿ ಜೀಪಿನಲ್ಲಿ ಕಳಸದ ಕಡೆ ಹೋದರು. ಧೈರ್ಯವಿದ್ದವನು ಅವರು ಬರುವ ತನಕ ಕಾದು ನಿಜ ಹೇಳುತ್ತಾನೆ. ನನಗೆ ಹೊಳೆದದ್ದು ಬೇರೆ. ಒಂದು ಸಲ ಅವರ ದನಿಯಲ್ಲಿ ಮಶೀನ್ ಬೇಡ ಎಂದದ್ದನ್ನು ಅವರೇ ತಮ್ಮ ಮಾತೆಂದು ಒಪ್ಪಿಕೊಂಡಿದ್ದರು. ಈಗ ಅದೇ ದನಿಯಲ್ಲಿ ಬೇಕು ಎಂದರೆ? ವಿಲ್ಫಿ ಮಶೀನ್ ತರುತ್ತಾನೆ, ಅಣ್ಣ ಗಂಟಲು ಸರಿಮಾಡಿಕೊಂಡು "ಹಾಂ, ಅಂದಿದ್ದೆ" ಎನ್ನುತ್ತಾರೆ, ಎಲ್ಲರ ಮಾನವೂ ಉಳಿಯುತ್ತದೆ. ಉಪಾಯ ಹೇಳಿದಾಗ ಅತ್ತಿಗೆ, "ನಾನು ಎಂಥದ್ದೂ ಕೇಳಿಲ್ಲ" ಎಂದು ಮಜ್ಜಿಗೆ ಕಡೆಯಲು ಕೂತರು. ದೊಡ್ಡಮ್ಮ ಓಣಿಯ ಬೆಂಚಿನ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ವಿಲ್ಫಿ? ನಾನು ಪೂರ್ಣೇಶ. ಆ ಫಿಲ್ಟರ್ ಮಶೀನ್ ತಗೊಂಡು ಬಾ ಮಾರಾಯ, ನಾಳೇನೇ."

ಈ ಸಲ ವಿಲ್ಫಿ ಅಷ್ಟು ಸುಲಭಕ್ಕೆ ಫೋನ್ ಇಡಲಿಲ್ಲ. "ಎಂತ ಸಾರ್ ಇದು? ಆಗ ಬೇಡ ಅಂದ್ರಿ, ಈಗ ನಾಳೆಗೇ ಬೇಕು ಅಂತೀರಿ. ನಾನು ತಂದ ಮೇಲೆ ಪುನಃ ಬೇಡ ಅಂದ್ರೆ? ಘಾಟಿ ಹತ್ತುವುದು ನಾನಲ್ವಾ ಮಾರ್ರೆ?"

"ಬೇಡ ಅನ್ನಲ್ಲ."

"ಆವತ್ತು ಯಾಕೆ ಅಂದದ್ದು ಮತ್ತೆ?"

ದೊಡ್ಡಮ್ಮ ಕೆಮ್ಮಿದರು. ಮೆಚ್ಚುಗೆ ಎಂದುಕೊಂಡೆ. ಉತ್ಸಾಹ ಬಂತು. ಗಂಟಲನ್ನು ಇನ್ನಷ್ಟು ಕೆಳಗಿಳಿಸಿ, ಅಣ್ಣನ ಹಾಗೆಯೇ ಎಡಗೈ ಸೊಂಟದ ಮೇಲಿಟ್ಟುಕೊಂಡು ಹೇಳಿದೆ: "ತಪ್ಪಾಯ್ತು ಮಾರಾಯ. ಮೇಲಿನ ಬ್ಲಾಕಿನ ಗೊಬ್ಬರ ಅಬ್ಬಿ ಗುಂಡಿಗೆ ಇಳ್ದದೆ. ನೀರು ಟ್ಯಾಂಕಿಗೆ ಆಗಲ್ಲ. ನೀನು ಹೇಳ್ದಾಗ್ಲೇ ಕೇಳ್ಬೇಕಿತ್ತು. ಎಲ್ಲಾ ನಂದೇ ತಪ್ಪು. ತಿಳೀತಾ?"

ದೊಡ್ಡಮ್ಮ ಮತ್ತೆ ಕೆಮ್ಮಿದರು. ಅಡುಗೆಮನೆಯಲ್ಲಿ ಕಡೆಗೋಲಿನ ಸದ್ದು ನಿಂತಿತು. ತಿರುಗಿ ನೋಡಿದೆ. ಓಣಿಯ ಬಾಗಿಲಲ್ಲಿ ಪೂರ್ಣೇಶಣ್ಣ, ಎಡಗೈ ಸೊಂಟದ ಮೇಲೆ. ಮರೆತ ಕನ್ನಡಕಕ್ಕೆಂದು ಅರ್ಧ ದಾರಿಯಿಂದ ವಾಪಸು ಬಂದಿದ್ದರು. ಒಂದೇ ಓಣಿಯಲ್ಲಿ ಇಬ್ಬರು ಪೂರ್ಣೇಶರು ಒಂದೇ ಭಂಗಿಯಲ್ಲಿ ನಿಂತಿದ್ದೆವು. ಒಬ್ಬನ ಕೈಯಲ್ಲಿ ಮಾತ್ರ ರಿಸೀವರ್ ಇತ್ತು.

ಮುಂದೆ ಮಶೀನ್ ಬಂತು, ಮೈಲುತುತ್ತ ಸ್ಟೋರಿಗೆ ವಾಪಸು ಹೋಯಿತು, ಶುದ್ಧ ನೀರು ಬಿದ್ದ ಹಾಗೆಲ್ಲ ಪಾಚಿ ಹಸಿವಿನಿಂದ ಬೂದುಬಣ್ಣಕ್ಕೆ ತಿರುಗಿ ಕಳಚಿಕೊಂಡಿತು. ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ ಹವಳದ ಗುಂಡಿ ಹೂಗಳು ಒಂದೊಂದಾಗಿ ಅರಳಿದವು. ಅದನ್ನೆಲ್ಲ ಯಾವ ಟ್ಯಾಂಕಿನವರಾದರೂ ಹೇಳಬಲ್ಲರು. ನನಗೆ ಹೇಳಬೇಕಾದದ್ದು ಆ ಓಣಿಯದು.

ಪೂರ್ಣೇಶಣ್ಣ ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು. "ಕೇಳಿಸ್ತಲ್ಲ ವಿಲ್ಫಿ? ಹಂಗೇ ಮಾಡು. ನಾಳೆ ತಗೊಂಡು ಬಾ," ಎಂದು ಇಟ್ಟರು.

"ಅಣ್ಣ," ಎಂದೆ. ಎಷ್ಟೋ ದಿನಗಳ ಮೇಲೆ ನನ್ನ ಸ್ವಂತ ದನಿ ಹೊರಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿತು. "ಆವತ್ತು ಬೇಡ ಅಂದಿದ್ದೂ ನಾನೇ."

"ಗೊತ್ತಾಯ್ತು."

ಅಡುಗೆಮನೆಯಲ್ಲಿ ಕಡೆಗೋಲು ಮತ್ತೆ ಜೋರಾಗಿ ಶುರುವಾಯಿತು. ಅವರು ಕನ್ನಡಕ ಹುಡುಕಿ ಜೇಬಿಗೆ ಹಾಕಿಕೊಂಡರು, ಫೋನಿನ ಪಕ್ಕ ನಾನಿಟ್ಟಿದ್ದ ಪರೀಕ್ಷೆಯ ಸೀಸೆಯ ನೀಲಿ ನೀರನ್ನು ಒಂದು ಗಳಿಗೆ ನೋಡಿದರು, ಜೀಪಿನ ಕಡೆ ಹೊರಟರು. ನಾನು ಹಿಂದೆ ಹಿಂದೆ ಅಂಗಳದ ತನಕ ಹೋದೆ. ಕೇಳುವ ಹೊತ್ತಲ್ಲ ಎಂದು ಗೊತ್ತಿತ್ತು. ಆದರೆ ಹಬ್ಬಕ್ಕೆ ಮೊದಲು ಬೇರೆ ಹೊತ್ತು ಉಳಿದಿರಲಿಲ್ಲ.

"ಅಣ್ಣ, ಶಿವಮೊಗ್ಗಕ್ಕೆ..."

ಪೂರ್ಣೇಶಣ್ಣ ಜೀಪು ಸ್ಟಾರ್ಟ್ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು:

"ಹೋಗು. ಆದ್ರೆ ಸ್ಟೇಜಲ್ಲಿ ನನ್ನ ಐಟಮ್ ಮಾತ್ರ ಮಾಡ್ಬೇಡ, ನಿಂಗದು ಇನ್ನೂ ಕೂತಿಲ್ಲ. ನಾನು ಯಾವತ್ತಾದ್ರೂ 'ನಂದೇ ತಪ್ಪು' ಅಂದಿದ್ದು ಕೇಳಿದೀಯೇನೋ?"